ಹಿಡಿದು ಆರುವ ಸದ್ದು

“ನಿನ್ನೆ ಸಂಜೆ ತನಕ ಚೆನ್ನಾಗಿತ್ತಲ್ಲ, ಬೆಳಗಾಗೋದರೊಳಗೆ ಏನು ಬಂತು ಇದಕ್ಕೆ?” ಎಂದು ಅಕ್ಕ ಕೇಳಿದಳು. ನನ್ನನ್ನು ಕೇಳಿದ್ದಲ್ಲ. ಅವಳ ಮುಖ ಬೀದಿಯ ಕಡೆಗಿತ್ತು, ಎರಡೂ ಕೈ ಬೈಕಿನ ಹ್ಯಾಂಡಲಿನ ಮೇಲಿದ್ದವು, ಬೀದಿಯಲ್ಲಿ ಆ ಹೊತ್ತಿಗೆ ನರಪಿಳ್ಳೆ ಇರಲಿಲ್ಲ. ಕೇಳಿದವಳು ಉತ್ತರಕ್ಕೆ ಕಾಯದೆ ಇನ್ನೊಂದು ಸಲ ಕಿಕ್ ಹೊಡೆದಳು. ಇಂಜಿನ್ನು ಹಿಡಿಯಿತು, ನಾಲ್ಕು ಉಸಿರು ಓಡಿತು, ಆರಿತು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಆ ಸದ್ದು ಕಿವಿಗೆ ಬಿದ್ದದ್ದೇ ನನ್ನ ಅಂಗೈ ತಣ್ಣಗಾಯಿತು.

ಬೆಳಿಗ್ಗೆ ಎಂಟು ಗಂಟೆ. ಘಟ್ಟದಾಚೆಯ ದೊಡ್ಡಾಸ್ಪತ್ರೆಗೆ ಮೂರು ಗಂಟೆಯ ದಾರಿ. ಹನ್ನೆರಡರೊಳಗೆ ಅಲ್ಲಿ ಹೋಗಿ ಹೆಸರು ಬರೆಸದಿದ್ದರೆ ಹಾಸಿಗೆ ಬೇರೆಯವರಿಗೆ ಹೋಗುತ್ತದೆಂದು ಚೀಟಿಯ ಮೇಲೆಯೇ ಅಚ್ಚಾಗಿತ್ತು. ಗಂಟಲು ಕೊಯ್ಯುವ ಡಾಕ್ಟರು ಆ ಆಸ್ಪತ್ರೆಗೆ ಬರುವುದು ಮೂರು ತಿಂಗಳಿಗೊಮ್ಮೆ. ಅಕ್ಕನ ಗಂಟಲೊಳಗಿನ ಗಡ್ಡೆ ಇನ್ನು ಮೂರು ತಿಂಗಳು ಸುಮ್ಮನಿರುವ ಪೈಕಿಯಲ್ಲವೆಂದು ನಮ್ಮೂರಿನ ಡಾಕ್ಟರಮ್ಮ ಬಾಯಿಬಿಟ್ಟೇ ಹೇಳಿದ್ದರು. ದಾರಿಯಲ್ಲಿ ಘಟ್ಟ ಹತ್ತುವಾಗ ಲಾರಿಗಳು ಸಿಕ್ಕುತ್ತವೆ, ಮಂಜಿರುತ್ತದೆ. ಏನೇ ಅಂದರೂ ಒಂಬತ್ತಕ್ಕಾದರೂ ಹೊರಟಿರಬೇಕು. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕನ ಹತ್ತಿರ ಕಾವ್ಯ ಓದುವುದನ್ನು ಕಲಿತ ಹುಡುಗಿಯೊಬ್ಬಳು ಕಾಯುತ್ತಿರುತ್ತಾಳೆ, ಮುಂದಿನದನ್ನೆಲ್ಲ ಅವಳು ನೋಡಿಕೊಳ್ಳುತ್ತಾಳೆ. ಅಲ್ಲಿಯ ತನಕ ಅಕ್ಕ ಒಬ್ಬಳೇ.

ನಾನು ಜೊತೆಗೆ ಹೋಗುವ ಹಾಗಿರಲಿಲ್ಲ. ನಮ್ಮೂರಲ್ಲಿ ಒಂದು ಒಲೆಯ ಅನ್ನ ಉಣ್ಣುವ ಜನ ಎಲ್ಲರೂ ಒಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ. ಕಳಿಸಿಕೊಡಲು ಒಬ್ಬರು ಹಿಂದೆ ಉಳಿಯಬೇಕು. ಹೊರಡುವವರು ‘ಹೋಗಿ ಬರ್ತೀನಿ’ ಎನ್ನಬೇಕು, ಉಳಿದವರು ‘ಹೋಗಿ ಬಾ’ ಎನ್ನಬೇಕು, ಬಾಯಲ್ಲಿ ಬಂದದ್ದು ಒಳಗೂ ಇರಬೇಕು. ಇಲ್ಲದಿದ್ದರೆ ಸೈಕಲ್ಲಿನಿಂದ ಹಿಡಿದು ಬಸ್ಸಿನ ತನಕ ಯಾವ ಚಕ್ರವೂ ಉರುಳುವುದಿಲ್ಲ, ಉರುಳಿದರೂ ಕಳಿಸಿದವರ ಕಣ್ಣಿಗೆ ಮರೆಯಾಗುವ ಮುಂಚೆಯೇ ನಿಲ್ಲುತ್ತದೆ. ನಮ್ಮ ಮದುವೆ ದಿಬ್ಬಣಗಳ ಫೋಟೋಗಳಲ್ಲಿ ಮನೆಗೊಬ್ಬರು ಕಮ್ಮಿ ಇರುತ್ತಾರೆ. ಕಮ್ಮಿಯಾದವರಿಗೆ ಹೋಳಿಗೆ ಕಟ್ಟಿ ತರುವುದು ವಾಡಿಕೆ. ರಾತ್ರಿ ಜಗಳವಾಡಿದ ಗಂಡಹೆಂಡಿರು ಮೊದಲ ಬಸ್ಸಿನೊಳಗೆ ರಾಜಿಯಾಗುತ್ತಾರೆ, ಇಲ್ಲವೇ ನಡೆದು ಹೋಗುತ್ತಾರೆ. ಹೊರಗಿನಿಂದ ಬಂದ ಮೇಷ್ಟರುಗಳು ಮೊದಲೆರಡು ತಿಂಗಳು ಒದ್ದಾಡಿ, ಆಮೇಲೆ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿಕೊಳ್ಳುತ್ತಾರೆ.

ಗಾಡಿ ಹೊರಡದಿದ್ದಾಗ ‘ಪ್ಲಗ್ ನೋಡಿಸಿ’ ಎನ್ನುವುದು ನಮ್ಮೂರಿನ ಮರ್ಯಾದೆ. ನಿಜ ಏನೆಂದು ಎಲ್ಲರಿಗೂ ಗೊತ್ತಿದ್ದರೂ ಅದನ್ನು ಬೀದಿಯಲ್ಲಿ ಯಾರೂ ಆಡುವುದಿಲ್ಲ. ಮೂವತ್ತೊಂದು ವರ್ಷದಿಂದ ಪ್ಲಗ್ ನೋಡುವುದೇ ನನ್ನ ಕಸುಬು. ಬಹಳ ಗಾಡಿಗಳ ಪ್ಲಗ್ಗಿನಲ್ಲಿ ಏನೂ ಇರುವುದಿಲ್ಲ. ನಾನು ಬಿಚ್ಚುತ್ತೇನೆ, ಒರೆಸುತ್ತೇನೆ, ತಂತಿ ಬ್ರಶ್ಶಿನಲ್ಲಿ ಉಜ್ಜುತ್ತೇನೆ, ಬೆಳಕಿಗೆ ಹಿಡಿದು ನೋಡುತ್ತೇನೆ, ಬೇಕೆಂದೇ ನಿಧಾನ ಮಾಡುತ್ತೇನೆ. ಅಷ್ಟರಲ್ಲಿ ಮನೆಯಲ್ಲಿ ಉಳಿದವರ ಸಿಟ್ಟು ಇಳಿದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಗಡಿಯ ತನಕ ಬಂದು ಇನ್ನೊಂದು ಸಲ ಹೇಳುತ್ತಾರೆ. ಗಾಡಿ ಹೊರಡುತ್ತದೆ. ಮಸಿ ಕೂತಿತ್ತು ಎಂದು ನಾನು ಹೇಳುತ್ತೇನೆ. ಹೌದು ಹೌದು ಮಸಿ ಎಂದು ಅವರೂ ಹೇಳುತ್ತಾರೆ.

ಆದರೆ ಮೂವತ್ತೊಂದು ವರ್ಷ ಕೇಳಿದ ಕಿವಿಗೆ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕಿಕ್ ಹೊಡೆದಾಗ ಒಣ ಕೆಮ್ಮಿನ ಹಾಗೆ ಬರೀ ಗಾಳಿ ಬಂದರೆ ಕಳಿಸುವವರ ಮಾತಿನಲ್ಲಿ ‘ಹೋಗಿ’ ಇಲ್ಲವೆಂದು ಅರ್ಥ. ಕಳಿಸಲು ಅವರಿಗೆ ಮನಸ್ಸಿಲ್ಲ. ತಾಯಂದಿರ ಮನೆಯಿಂದ ಬರುವ ಗಾಡಿಗಳದು ಹೆಚ್ಚಾಗಿ ಈ ಸದ್ದು. ಹಿಡಿದು, ನಾಲ್ಕು ಉಸಿರು ಓಡಿ, ಆರಿದರೆ ಅದು ಬೇರೆ. ಅಲ್ಲಿ ‘ಹೋಗಿ’ ಇದೆ, ‘ಬಾ’ ಇಲ್ಲ. ಹೋಗಲಿ, ಬಾರದಿದ್ದರೂ ಸೈ ಎನ್ನುವ ಮನಸ್ಸಿನ ಸದ್ದು ಅದು. ಅದನ್ನು ಕೇಳಿದಾಗ ನಾನು ತಲೆ ಎತ್ತುವುದಿಲ್ಲ. ಯಾರ ಮನೆಯಿಂದ ಯಾವ ಸದ್ದು ಬಂತೆಂದು ಈವರೆಗೆ ಒಬ್ಬರಿಗೂ ಹೇಳಿಲ್ಲ. ಸಂಜೆ ಕೈಕಾಲು ತೊಳೆದು ದೀಪ ಹಚ್ಚುವಾಗ ಆ ಮನೆಯವರ ಹೆಸರನ್ನು ದೇವರ ಮುಂದೆ ಒಂದು ಸಲ ಹೇಳಿಕೊಳ್ಳುತ್ತೇನೆ, ಅಷ್ಟೇ.

ಈಗ ನಮ್ಮ ಅಂಗಳದಲ್ಲಿ ಕೇಳಿದ್ದು ಆ ಎರಡನೆಯ ಸದ್ದು.

ನಾನು ಬೆಳಿಗ್ಗೆ ‘ಹೋಗಿ ಬಾ’ ಎಂದಾಗ ಕಣ್ಣಲ್ಲಿ ನೀರಿತ್ತು. ಆ ಮಾತಿನಲ್ಲಿ ‘ಬಾ’ ಇರಲಿಲ್ಲವೆಂದರೆ ನಂಬುವುದು ಹೇಗೆ? ನನಗೆ ಈ ಲೋಕದಲ್ಲಿ ಬೇರೆ ಯಾರಿದ್ದಾರೆ? ಇದು ನಿಜವಾಗಿಯೂ ಪ್ಲಗ್ಗೇ ಇರಬೇಕು. ಅಕ್ಕನಿಗೆ ಇಳಿಯಲು ಹೇಳಿ, ಉಪಕರಣದ ಡಬ್ಬಿ ತಂದು ಬೈಕಿನ ಪಕ್ಕ ಮಂಡಿಯೂರಿದೆ. ಭಗವಂತ, ಇವತ್ತೊಂದು ದಿನ ಪ್ಲಗ್ಗಿನಲ್ಲಿ ನಿಜವಾದ ಮಸಿ ಇರಲಪ್ಪ ಎಂದು ಬೇಡಿಕೊಂಡು ಬಿಚ್ಚಿದೆ. ಪ್ಲಗ್ಗು ತಿಳಿಗಂದು ಬಣ್ಣಕ್ಕೆ ತಿರುಗಿ, ಹೇಗಿರಬೇಕೋ ಹಾಗೆಯೇ ಇತ್ತು. ಸಿಲಿಂಡರಿಗೆ ತಾಗಿಸಿ ಹಿಡಿದು ಕಿಕ್ಕನ್ನು ಕೈಯಲ್ಲೇ ಒತ್ತಿದೆ. ನೀಲಿ ಕಿಡಿ ಚಿಟಿಕೆ ಹೊಡೆದ ಹಾಗೆ ಹಾರಿತು. ಅಷ್ಟು ಒಳ್ಳೆಯ ಕಿಡಿಯನ್ನು ನೋಡಿ ನನಗೆ ಅಷ್ಟು ಭಯವಾದದ್ದು ಅದೇ ಮೊದಲು.

ಅಕ್ಕ ಜಗಲಿಯ ತುದಿಯಲ್ಲಿ ಕೂತಳು. ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮೇಲೆ ನನ್ನ ಹಳೆಯ ಸ್ವೆಟರು ತೊಟ್ಟು, ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದಳು. ಪಕ್ಕದಲ್ಲಿ ಚೀಲ. ಅದರಲ್ಲಿ ಎರಡು ಸೀರೆ, ಟವೆಲು, ಆಸ್ಪತ್ರೆಯ ಕಾಗದಗಳು, ಒಂದು ಸ್ಲೇಟು, ಬಳಪದ ಪೊಟ್ಟಣ. ಸ್ಲೇಟನ್ನು ಹಿಂದಿನ ದಿನ ತಾನೇ ಹೋಗಿ ಕೊಂಡು ತಂದಿದ್ದಳು. ಅದನ್ನು ಚೀಲಕ್ಕಿಡುವಾಗ ನಾನು ಹಿತ್ತಿಲಿಗೆ ಹೋಗಿದ್ದೆ.

ನಮ್ಮ ಮನೆಯಲ್ಲಿ ಓದುವುದು ಅಕ್ಕನದು, ಕೇಳುವುದು ನನ್ನದು. ಅಪ್ಪ ಕಾವ್ಯ ಓದುತ್ತಿದ್ದರು. ಅವರ ಮಗ್ಗುಲಲ್ಲಿ ಅಕ್ಕ, ಕಂಬಕ್ಕೆ ಒರಗಿ ನಾನು. ಅಕ್ಷರ ಕಲಿಯುವ ಮೊದಲೇ ಷಟ್ಪದಿಯ ನಡೆ ನನ್ನ ಮೈಗೆ ಹತ್ತಿತ್ತು. ಅಪ್ಪ ಹೋದ ಮೇಲೆ, ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದ ಅಕ್ಕ, ಹೊತ್ತಿಗೆಯಿಟ್ಟು ಓದುವ ಪೀಠದ ಮುಂದೆ ತಾನು ಕೂತಳು. ನನಗೆ ಹಾಡಲು ಬರುವುದಿಲ್ಲ. ಅರ್ಥ ಹೇಳಲು ಬರುವುದಿಲ್ಲ. ನಾಲ್ಕು ಜನರೆದುರು ಮಾತೇ ಹೊರಡುವುದಿಲ್ಲ. ಕೇಳುವುದೊಂದು ಬರುತ್ತದೆ. ಏಕಾದಶಿಯ ಸಂಜೆ ಅವಳು ದೀಪದ ಬತ್ತಿ ಚಾಚಿ, ಒಂದು ಗುಟುಕು ನೀರು ಕುಡಿದು, ಕೆಳಗಿನ ಸ್ವರದಿಂದ ಮೆಲ್ಲಗೆ ಎತ್ತಿಕೊಂಡರೆ, ದೇವರು ಬೇರೆಲ್ಲೋ ಇದ್ದಾನೆಂದು ನನಗೆ ಅನ್ನಿಸುತ್ತಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಅವಳನ್ನು ಓದಲು ಕರೆಯತೊಡಗಿದಾಗ ಗುಜರಿಯಿಂದ ಬಿಡಿಭಾಗಗಳನ್ನು ಆಯ್ದು ಈ ಬೈಕನ್ನು ಜೋಡಿಸಿಕೊಟ್ಟವನು ನಾನು. ನಿಂತಲ್ಲೇ ಓಡುವಾಗ ಅದಕ್ಕೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ನಡೆ ಬರುವ ಹಾಗೆ ಕಾರ್ಬುರೇಟರಿನ ತಿರುಪನ್ನು ಕೂಡಿಸಿದವನೂ ನಾನೇ. ಇಪ್ಪತ್ತೆರಡು ವರ್ಷದಲ್ಲಿ ನಾನು ‘ಹೋಗಿ ಬಾ’ ಅಂದ ಮೇಲೆ ಅದು ಎರಡನೆಯ ಕಿಕ್ ಕೇಳಿದ್ದಿಲ್ಲ.

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಎರಡು ತಿಂಗಳ ಹಿಂದೆ ಡಾಕ್ಟರಮ್ಮ ಹೇಳಿದಾಗ ಅಕ್ಕ ಕೇಳಿದ್ದು ಒಂದೇ, ಅನ್ನ ಊಟ ಮಾಡಲು ಎಷ್ಟು ದಿನ ಬೇಕು ಎಂದು. ನಾನು ಎದ್ದು ಹೊರಗೆ ಹೋಗಿ ಅವರ ಅಂಗಳದ ದಾಸವಾಳದ ಎಲೆಗಳನ್ನು ಎಣಿಸುತ್ತ ನಿಂತಿದ್ದೆ. ಅವತ್ತಿನಿಂದ ಅಕ್ಕ ಓದಿಲ್ಲ. ಗಂಟಲು ನೋಯುತ್ತದೋ, ಬೇಡವೆನ್ನಿಸಿತೋ, ನಾನು ಕೇಳಲಿಲ್ಲ.

ಎಂಟೂಕಾಲಕ್ಕೆ ಎದುರುಮನೆಯ ದೊರೆಸ್ವಾಮಿ ಟವೆಲು ಹೆಗಲಿಗೆ ಹಾಕಿಕೊಂಡು ಬಂದರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಯಾವುದೇ ಗಾಡಿ ನಿಂತರೂ ಹತ್ತಿರ ಬಂದು ನಿಲ್ಲದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. “ಏನ್ ನರಹರಿ, ಪ್ಲಗ್ಗಾ?” ಎಂದರು. ಹೂಂ ಎಂದೆ. “ಹಂಗಾದ್ರೆ ಪ್ಲಗ್ಗೇ ಬಿಡು. ನಿಮ್ಮನೇಲಿ ಇನ್ನೇನಿರುತ್ತೆ. ಅಕ್ಕ ತಮ್ಮ ಒಬ್ಬರಿಗೊಬ್ಬರು ಉಸಿರು ಕೊಡೋ ಮಂದಿ,” ಎಂದರು. ಅವರು ಕುಹಕದಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಪ್ಲಗ್ಗನ್ನು ಮರಳಿ ಹಾಕಿ, ಪೆಟ್ರೋಲಿನ ಕೊಳವೆ ಕಳಚಿ, ಬಾಟಲಿಗೆ ಹರಿಸಿ ನೋಡಿದೆ. ಧಾರೆ ಸಣ್ಣಗೆ, ಒಂದೇ ಸಮನೆ ಬಂತು. ಕಾರ್ಬುರೇಟರಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಸಾಸಿವೆ ಕಾಳಿನಷ್ಟು ಕಸ. ಅಷ್ಟು ಕಸ ಎಲ್ಲ ಗಾಡಿಯಲ್ಲೂ ಇರುತ್ತದೆ. ಪೆಟ್ರೋಲು ಹಾಯುವ ಸಣ್ಣ ಜೆಟ್ಟನ್ನು ಬಾಯಿಗಿಟ್ಟು ಊದಿದೆ, ಸೂರ್ಯನಿಗೆ ಹಿಡಿದೆ, ತೂತಿನಾಚೆ ಬೆಳಕು ಚುಕ್ಕಿಯಾಗಿ ಕಂಡಿತು. ಎಲ್ಲ ಜೋಡಿಸಿ, ಅಕ್ಕನ ಮುಖ ನೋಡದೆ ‘ಹೋಗಿ ಬಾ’ ಎಂದೆ. ಅಕ್ಕ ಎದ್ದು ಬಂದು ಕಿಕ್ ಹೊಡೆದಳು. ಹಿಡಿಯಿತು. ಓಡಿತು. ಆರಿತು.

ಇಷ್ಟು ಹೊತ್ತಿಗೆ ಪಕ್ಕದ ಮನೆಯ ಹೊಲಿಗೆಯ ಜೈಬೂ ಎರಡು ಲೋಟ ಚಹಾ ತಂದಿದ್ದಳು. ಅಕ್ಕನಿಗೆ ಬಿಸಿ ಆಗದೆಂದು ಅವಳ ಲೋಟವನ್ನು ಮೊದಲೇ ಆರಿಸಿ ತಂದಿದ್ದಳು. ಬೇರೆ ಒಲೆಯವರ ಮಾತು ನಡೆಯುವುದಿಲ್ಲವೆಂದು ಗೊತ್ತಿದ್ದೂ, ಇರಲಿ ನಾನೂ ಒಂದು ಸಲ ಹೇಳಿ ನೋಡುತ್ತೇನೆಂದು ಬೈಕಿನ ಮೇಲೆ ಕೈಯಿಟ್ಟು ಹೇಳಿದಳು. ಇಂಜಿನ್ನು ಕೆಮ್ಮಲೂ ಇಲ್ಲ. ಅದರಲ್ಲಿ ಜೈಬೂಗೆ ಅವಮಾನವೇನೂ ಆಗಲಿಲ್ಲ. ಅಕ್ಕನ ಸ್ವೆಟರಿನ ಕಿತ್ತ ಗುಂಡಿಯನ್ನು ಅಲ್ಲೇ ನಿಂತು ಹೊಲಿದು ಹಾಕಿದಳು. ಎಂಟೂವರೆಯ ಬಸ್ಸಿಗಾದರೂ ಹತ್ತಿಸೋಣ ಎಂದು ದೊರೆಸ್ವಾಮಿ ಹೇಳಿದರು. ಅಕ್ಕ ಬೇಡವೆಂದು ತಲೆಯಾಡಿಸಿದಳು. ತನ್ನಿಂದ ನಲವತ್ತು ಜನ ನಿಲ್ಲುವುದು ಬೇಡ ಎಂದಳು. ದೊರೆಸ್ವಾಮಿ ಅವಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಮತ್ತೆ ಪ್ಲಗ್ಗಿನ ಮಾತು ತೆಗೆಯಲಿಲ್ಲ. ಅದರ ಬದಲು, ತಾವು ಕಂಡಕ್ಟರಾಗಿದ್ದಾಗ ಒಬ್ಬ ಅತ್ತೆಯ ದೆಸೆಯಿಂದ ಬಸ್ಸು ಮಧ್ಯಾಹ್ನದ ತನಕ ನಿಂತದ್ದನ್ನು, ಪ್ರಯಾಣಿಕರೆಲ್ಲ ಸೇರಿ ಆ ಮನೆಗೆ ಹೋಗಿ ಅತ್ತೆಗೆ ಕಾಫಿ ಮಾಡಿಕೊಟ್ಟದ್ದನ್ನು ಹೇಳತೊಡಗಿದರು. ಆ ಕಥೆ ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ.

ಹಿಡಿದು ಆರುವುದಕ್ಕೆ ಯಂತ್ರದಲ್ಲಿಯೂ ಕಾರಣಗಳಿವೆ, ಇಲ್ಲದಿಲ್ಲ. ಒಂದೊಂದನ್ನಾಗಿ ನೆನೆಸಿಕೊಂಡೆ, ಜಪಮಣಿ ಎಣಿಸಿದ ಹಾಗೆ. ಗಾಳಿ ಸೋರಬಹುದು, ಸಂದಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ. ಕಿಡಿ ಹುಟ್ಟಿಸುವ ಪಾಯಿಂಟು ಸವೆದಿರಬಹುದು, ಸವೆದಿರಲಿಲ್ಲ. ಕೊನೆಗೆ ಪೆಟ್ರೋಲು ಟ್ಯಾಂಕಿನ ಮುಚ್ಚಳ ತೆಗೆದು ತಿರುಗಿಸಿ ನೋಡಿದೆ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸೂಜಿ ತೂತು ಇರುತ್ತದೆ. ಅದರ ಬಾಯಿಗೆ ಕಣಜದ ಹುಳವೊಂದು ಮಣ್ಣು ಮೆತ್ತಿತ್ತು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ತೂತು ಮುಚ್ಚಿದರೆ ಟ್ಯಾಂಕಿನೊಳಗೆ ಗಾಳಿಯಿಲ್ಲದೆ ಪೆಟ್ರೋಲು ಇಳಿಯುವುದಿಲ್ಲ, ಇಳಿಯದಿದ್ದರೆ ಇಂಜಿನ್ನು ಹಿಡಿದು ಆರುತ್ತದೆ. ತಪ್ಪು ಕಣಜದ್ದು. ನನ್ನದಲ್ಲ. ಮುಚ್ಚಳವನ್ನು ಎತ್ತಿ ದೊರೆಸ್ವಾಮಿಗೆ ತೋರಿಸಿದೆ, ಜೈಬೂಗೆ ತೋರಿಸಿದೆ. ನೋಡಿದ್ಯಾ, ನಾನು ಆಗಲೇ ಹೇಳಲಿಲ್ವಾ ಎಂದು ದೊರೆಸ್ವಾಮಿ ಟವೆಲಿನಿಂದ ಹಣೆ ಒರೆಸಿಕೊಂಡರು, ಅವರೇನೂ ಹೇಳಿರಲಿಲ್ಲ. ಜೈಬೂ ತನ್ನ ಸೂಜಿ ಕೊಟ್ಟಳು. ಮಣ್ಣನ್ನು ಕೆದಕಿ, ಊದಿ, ಬೆಳಕು ನೋಡಿ, ಮುಚ್ಚಳ ತಿರುಗಿಸಿ, ಎದ್ದು ನಿಂತು, ಗಟ್ಟಿಯಾಗಿ ‘ಹೋಗಿ ಬಾ ಅಕ್ಕ’ ಎಂದೆ.

ಹಿಡಿಯಿತು. ನಾಲ್ಕು ಉಸಿರು. ಆರಿತು.

ದೊರೆಸ್ವಾಮಿ ಟವೆಲನ್ನು ಹೆಗಲಿನಿಂದ ತೆಗೆದು ಕೈಗೆ ಸುತ್ತಿಕೊಂಡರು. ಜೈಬೂ ಲೋಟಗಳನ್ನು ಎತ್ತಿಕೊಂಡಳು. ಅವರಿಬ್ಬರ ಮುಖದಲ್ಲಿ, ನನ್ನ ಅಂಗಡಿಯಲ್ಲಿ ನಾನು ತಲೆ ತಗ್ಗಿಸುವಾಗ ಇರುವಂಥದೇ ಏನೋ ಇತ್ತು. ಒಲೆಯ ಮೇಲೆ ಹಾಲಿದೆಯೆಂದು ಒಬ್ಬರು, ಯಾರೋ ಬರುವವರಿದ್ದಾರೆಂದು ಒಬ್ಬರು ಹೇಳಿ ಹೊರಟರು. ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಒಳಗಿನ ಗಡಿಯಾರ ಎಂಟೂಮುಕ್ಕಾಲಕ್ಕೆ ಒಮ್ಮೆ ಹೊಡೆಯಿತು.

ಅಕ್ಕ ಬೈಕಿನ ಮೇಲೆಯೇ ಕೂತಿದ್ದಳು. ಅವಳ ದನಿ ಈಗ ಮೊದಲಿನದಲ್ಲ, ಮರಳಿನ ಮೇಲೆ ಕಾಲೆಳೆದ ಹಾಗೆ. ಆದರೂ ಮಾತು ಬಿಡಿ ಬಿಡಿಯಾಗಿ, ಅಕ್ಷರ ನುಂಗದೆ ಬರುತ್ತದೆ. “ಹಿಡೀದೇ ಇರೋದು ಬೇರೆ, ಹಿಡಿದು ಆರೋದು ಬೇರೆ. ಅಲ್ವಾ?” ಎಂದಳು. ಅವಳ ಕಿವಿ ನನ್ನ ಕಿವಿಗಿಂತ ಮೇಲೆಂಬುದನ್ನು ಹೇಗೆ ಮರೆತಿದ್ದೆನೋ. “ನಿನ್ನ ಅಂಗಡಿ ಮುಂದೆ ತರಕಾರಿ ಕೊಳ್ಳೋವಾಗೆಲ್ಲ ಕೇಳಿದೀನಿ. ಷಟ್ಪದಿ ಥರ ಮೊದಲೆರಡು ಸಾಲು ಚೆನ್ನಾಗಿ ಓಡುತ್ತೆ, ಮೂರನೇದರ ಕೊನೆಗೆ ಒಂದು ದೀರ್ಘ ಬೇಕಲ್ಲ, ಅದು ಬರೋ ಮುಂಚೆ ನಿಲ್ಲುತ್ತೆ. ನೀನು ಆಗ ತಲೆ ತಗ್ಗಿಸ್ತೀಯ.”

ಇಲ್ಲ ಅಕ್ಕ, ಇನ್ನೊಂದು ಸಲ ಜೆಟ್ಟು ನೋಡುತ್ತೇನೆ ಎಂದು ಸ್ಪ್ಯಾನರು ಹುಡುಕತೊಡಗಿದೆ. ಅದು ನನ್ನ ಕೈಯಲ್ಲೇ ಇತ್ತು.

“ನರಹರಿ. ಬೆಳಿಗ್ಗೆ ಬಾ ಅಂದೆಯಲ್ಲ, ಯಾರಿಗೆ ಅಂದದ್ದು?”

“ನಿನಗೇ. ಇನ್ಯಾರಿಗೆ.”

“ನನಗಾ,” ಎಂದಳು ಅಕ್ಕ, “ನನ್ನ ಗಂಟಲಿಗಾ?”

ಸಿಟ್ಟಿನಿಂದ ಕೇಳಲಿಲ್ಲ. ಅರ್ಥವಾಗದ ಪದ ಬಂದಾಗ ಅಪ್ಪನನ್ನು ಕೇಳುತ್ತಿದ್ದ ಹಾಗೆ ಕೇಳಿದಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೆಳಿಗ್ಗೆ ಆ ಮಾತು ಹೇಳುವಾಗ ನನ್ನ ಕಣ್ಣು ಎಲ್ಲಿತ್ತೆಂದು ನೆನಪಾಯಿತು. ಅವಳ ಕುತ್ತಿಗೆಯ ಉಣ್ಣೆಯ ಪಟ್ಟಿಯ ಮೇಲಿತ್ತು. ನನ್ನ ‘ಬಾ’ ಹೋಗಿ ತಟ್ಟಿದ್ದು ಅಲ್ಲಿಗೆ. ಆ ದನಿ ಬರುವುದಿಲ್ಲ, ಬಾರದ್ದನ್ನು ಬಾ ಎಂದಿದ್ದೆ. ಬರುವವಳನ್ನು, ಸ್ಲೇಟು ಹಿಡಿದು ಆ ಮೆಟ್ಟಿಲು ಹತ್ತುವವಳನ್ನು ನಾನು ಈ ಎರಡು ತಿಂಗಳಲ್ಲಿ ಒಂದು ಸಲವೂ ನೆನೆದಿರಲಿಲ್ಲ. ನೆನೆಯಲು ಹೋದಾಗೆಲ್ಲ ಹಿತ್ತಿಲಿಗೆ ಹೋಗಿದ್ದೆ.

ಈಗ ನೆನೆಯಲು ನೋಡಿದೆ. ಏಕಾದಶಿಯ ಸಂಜೆ. ದೀಪ. ಪೀಠದ ಮೇಲೆ ಹೊತ್ತಿಗೆ. ಆಚೆ ಅಕ್ಕ, ಈಚೆ ನಾನು. ಇಬ್ಬರೂ ಸುಮ್ಮನೆ. ಆ ಮೌನವನ್ನು ಸಹಿಸಲಾಗದೆ ನನ್ನ ಮನಸ್ಸು ಎದ್ದು ಓಡಿತು. ಹೀಗೆ ಓಡುವುದು ಪಾಪ, ಇಂಥ ಪಾಪಿಗೆ ಎಲ್ಲಿಯೂ ಜಾಗವಿಲ್ಲ ಎಂದು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ‘ಹೋಗಿ ಬಾ’ ಎಂದೆ. ಅಕ್ಕ ಕಿಕ್ ಹೊಡೆದಳು. ಇಂಜಿನ್ನು ಆರು ಉಸಿರು ಓಡಿತು, ಏಳನೆಯದಕ್ಕೆ ಮುಗ್ಗರಿಸಿತು. ನನ್ನ ಬಲವಂತಕ್ಕೆ ಸಿಕ್ಕಿದ್ದು ಎರಡು ಉಸಿರು.

ಕಿಕ್ ಹೊಡೆದೂ ಹೊಡೆದೂ ಅಕ್ಕನಿಗೆ ಏದುಸಿರು ಬಂದಿತ್ತು. ಐವತ್ತೊಂಬತ್ತು ವಯಸ್ಸು. ನಾನು 'ಸೈಲೆನ್ಸರಿನ ನಟ್ಟು ಸಡಿಲವಿರಬೇಕು' ಎಂದೇನೋ ಗೊಣಗಿ ಬೈಕಿನ ಹಿಂದಕ್ಕೆ ಹೋಗಿ ಬಗ್ಗಿದೆ. ನಟ್ಟು ಬಿಗಿಯಾಗಿಯೇ ಇತ್ತು. ಮುಖ ಮರೆಸಲು ನನಗೆ ಒಂದು ನಟ್ಟು ಬೇಕಿತ್ತು, ಅಷ್ಟೇ. ಗಡಿಯಾರದ ಲೋಲಕದ ಸದ್ದು ಒಳಗಿನಿಂದ ಅಂಗಳದ ತನಕ ಕೇಳುತ್ತಿತ್ತು. ಘಟ್ಟದಲ್ಲಿ ಈಗ ಲಾರಿಗಳು ಸಾಲುಗಟ್ಟುವ ಹೊತ್ತು. ಇವತ್ತು ತಪ್ಪಿದರೆ ಮೂರು ತಿಂಗಳು. ಮೂರು ತಿಂಗಳಾದ ಮೇಲೆ ಕಳಿಸಲು ಯಾರಿರುತ್ತಾರೆ. ದನಿಯ ಆಸೆಗೆ ಅಕ್ಕನನ್ನೇ ಕೊಲ್ಲುತ್ತಿದ್ದೇನೆ, ಹಾಗೆ ಕೊಂದರೆ ದನಿಯೂ ಇಲ್ಲ. ಇಷ್ಟು ನೇರವಾದ ಲೆಕ್ಕ ತಲೆಗೆ ತಿಳಿದರೂ ನಾಲಗೆಯ ಬುಡಕ್ಕೆ ಇಳಿಯದೆ ಇತ್ತು.

ಟ್ಯಾಂಕಿನ ಮೇಲೆ ಮೂರು ಸಲ ಟಕ್ ಟಕ್ ಟಕ್ ಎಂದಿತು. ಅಕ್ಕನ ಉಂಗುರದ ಬೆರಳಿನ ಸದ್ದು. ನಾನು ಎದ್ದು ಒಳಗೆ ಹೋಗಿ, ಗಡಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ತಂದು ಅಕ್ಕನ ಕೈಗೆ ಕೊಟ್ಟೆ. ಕೊಟ್ಟ ಮೇಲೆ ಗೊತ್ತಾಯಿತು, ಅವಳು ನನ್ನನ್ನು ಬಾಯಿಬಿಟ್ಟು ಕರೆದಿರಲಿಲ್ಲ. ನೀರು ಎಂದಿರಲಿಲ್ಲ. ನಾನು ಬಂದಿದ್ದೆ.

ಅವಳು ಕುಡಿಯುವುದನ್ನು ನೋಡುತ್ತ ನಿಂತೆ. ಅಕ್ಕ ಓದುವಾಗ ನಾನು ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಕಣ್ಣು ತೆರೆದರೆ ಕಿವಿಗೆ ಕಮ್ಮಿಯಾಗುತ್ತದೆಂದು ನನ್ನ ಲೆಕ್ಕ. ಹಾಗೆ ಮೂವತ್ತು ವರ್ಷಕ್ಕೂ ಮೇಲೆ ಅವಳೆದುರು ಕಣ್ಣು ಮುಚ್ಚಿಯೇ ಕೂತಿದ್ದೆ. ಈಗ ನೋಡಿದರೆ ಅವಳ ಎಡ ಹುಬ್ಬು ಪೂರ್ತಿ ಬೆಳ್ಳಗಾಗಿತ್ತು, ಬಲದ್ದು ಇನ್ನೂ ಕಪ್ಪಿತ್ತು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಅದನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು, ಕಣ್ಣು ಬಿಗಿದು, ಗದ್ದವನ್ನು ಎದೆಗೊತ್ತಿ ನುಂಗುತ್ತಿದ್ದಳು. ಆಮೇಲೆ ನೋವು ಇಳಿಯಲೆಂದು ಕಾಯುತ್ತಿದ್ದಳು. ಮತ್ತೊಂದು ಗುಟುಕು. ನನ್ನ ಜೊತೆ ದಿನಕ್ಕೆರಡು ಸಲ ಊಟಕ್ಕೆ ಕೂತು ಹೀಗೆಯೇ ನುಂಗಿದ್ದಾಳೆ, ಎರಡು ತಿಂಗಳು. ನಾನು ಅವಳ ಮಾತಿನ ದನಿ ಎಷ್ಟು ಒಡೆದಿದೆಯೆಂದು ಕಿವಿಗೊಟ್ಟು ಕೂತಿದ್ದೆ. ಅನ್ನ ಊಟ ಮಾಡಲು ಎಷ್ಟು ದಿನ ಬೇಕು ಎಂದು ಅವಳು ಡಾಕ್ಟರಮ್ಮನನ್ನು ಕೇಳಿದ್ದು ಧೈರ್ಯದ ಮಾತೆಂದುಕೊಂಡಿದ್ದೆ. ಅವಳಿಗೆ ಹಸಿವಾಗಿತ್ತು.

ಅರ್ಧ ಲೋಟ ಮುಗಿಸಿ ಕೈಗೆ ಕೊಟ್ಟಳು. ಸೆರಗಿನಿಂದ ತುಟಿ ಒರೆಸಿಕೊಂಡಳು. ಹುಬ್ಬೆತ್ತಿ, ಏನು ಹಾಗೆ ನೋಡುತ್ತಿದ್ದೀಯ ಎನ್ನುವ ಹಾಗೆ ನೋಡಿದಳು, ಅಷ್ಟೇ. ಆ ಬೆಳ್ಳಗಿನ ಹುಬ್ಬು ಮೇಲಕ್ಕೆ ಹೋಯಿತು. ಈ ಹೆಂಗಸು ಹೊಟ್ಟೆ ತುಂಬ ಅನ್ನ ಉಣ್ಣಬೇಕು, ನಮ್ಮ ಮನೆಯಲ್ಲೇ ಉಣ್ಣಬೇಕು ಎಂದು ನನಗೆ ಅನ್ನಿಸಿತು. ಬೇರೆ ಏನೂ ಅನ್ನಿಸಲಿಲ್ಲ. ಅವಳ ಮುಖ ನೋಡಿಕೊಂಡೇ, ಜೋರಾಗಿ ಅಲ್ಲ, ಜಗಲಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದೆ.

“ಹೋಗಿ ಬಾ.”

ಅಕ್ಕ ಕಿಕ್ ಹೊಡೆದಳು. ಹಿಡಿಯಿತು. ನಾಲ್ಕು ಉಸಿರು ಎಣಿಸಿದೆ, ಐದು ಎಣಿಸಿದೆ. ಏಳಕ್ಕೆ ಉಸಿರು ಬಿಗಿಹಿಡಿದೆ. ಎಂಟು, ಒಂಬತ್ತು, ಆಮೇಲೆ ಎಣಿಕೆ ಬೇಕಾಗಲಿಲ್ಲ; ಮೂರು ನಾಲ್ಕು, ಮೂರು ನಾಲ್ಕು ಎಂದು ಅಂಗಳದ ತುಂಬ ನಡೆ ಹಿಡಿದು ಓಡತೊಡಗಿತು. ಎದುರು ಮನೆಯ ಕಿಟಕಿಯ ಪರದೆ ಅಲ್ಲಾಡಿತು. ಜೈಬೂನ ಹೊಲಿಗೆ ಯಂತ್ರ ಇದ್ದಕ್ಕಿದ್ದ ಹಾಗೆ ನಿಂತು, ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು. ಒಂಬತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿದೆ. ಸ್ಲೇಟಿನ ಮೂಲೆ ಬೆರಳಿಗೆ ತಾಗಿತು. ಒಡೆಯದಿರಲೆಂದು ಅದನ್ನು ಸೀರೆಗಳ ನಡುವೆ ಸರಿಸಿಟ್ಟೆ. ಗೇಟು ತೆಗೆದೆ.

ಅಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಉಣ್ಣೆಯ ಪಟ್ಟಿಯನ್ನು ಸ್ವೆಟರಿನೊಳಗೆ ಸೇರಿಸಿದಳು. ಬೈಕು ಗೇಟಿನ ಹತ್ತಿರಕ್ಕೆ ಬಂತು. ನಾನು ಬದಿಗೆ ಸರಿಯಬೇಕಿತ್ತು. ಸರಿಯಲಿಲ್ಲ, ಹ್ಯಾಂಡಲು ಹಿಡಿದುಕೊಂಡೆ. ಈ ಜನ್ಮದಲ್ಲಿ ಅವಳನ್ನು ಓದು ಎಂದು ಕೇಳಿದವನಲ್ಲ. ಅವಳು ಓದಿದಳು, ನಾನು ಕೇಳಿದೆ. ಕೇಳದೆಯೇ ಸಿಕ್ಕಿದ್ದನ್ನು ಬಾಯಿಬಿಟ್ಟು ಬೇಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಮಾತು ತಾನಾಗಿ ಹೊರಗೆ ಬಿತ್ತು.

“ಅಕ್ಕ, ಒಂದು ಪದ್ಯ. ಒಂದೇ ಒಂದು. ಓದಿ ಹೋಗು.”

ಇಂಜಿನ್ನಿನ ಸದ್ದು ತೊದಲಿತು. ನಡೆ ತಪ್ಪಿ ಒಂದು ಉಸಿರು ಖಾಲಿ ಹೋಯಿತು, ಇನ್ನೊಂದು ಹೋಯಿತು. ಅಕ್ಕ ಕೈ ತಿರುವಿ ಅದನ್ನು ಎತ್ತಿ ಹಿಡಿದಳು. ಕಾಲಿನಲ್ಲಿ ಗೇರು ಹಾಕಿದಳು. ಹ್ಯಾಂಡಲಿನ ಮೇಲಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಮುಖ ನೋಡಿದಳು.

“ಇಲ್ಲ ನರಹರಿ,” ಎಂದಳು. “ಓದೋದಿಲ್ಲ. ಹೋಗಿ ಬರ್ತೀನಿ.”